ಮೊದಲ ತುತ್ತು ಯಾರದು?

ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಹೆಣ್ಣಿಗೆ ಸಿಗುವ ಹೋಲಿಕೆಗಳನ್ನು ನೀವೂ ಗಮನಿಸಿರಬಹುದು. ಅವಳು ತಾನು ಉರಿದು ಮನೆ ಬೆಳಗುವ ದೀಪ, ತಾನು ಸವೆದು ಪರಿಮಳ ಕೊಡುವ ಗಂಧದ ಕೊರಡು, ತಾನು ಹಿಂಡಿಸಿಕೊಂಡು ಸಿಹಿ ಕೊಡುವ ಕಬ್ಬು. ಅವಳು ಶಿಕ್ಷಕಿಯೂ ಆಗಿದ್ದರೆ ಮೇಣದ ಬತ್ತಿಯಂತೂ ತಪ್ಪಿದ್ದಲ್ಲ. ಸುಮಾರು ಮೂವತ್ತು ವರ್ಷಗಳ ನೌಕರಿಯಲ್ಲಿ ಇಂಥ ಭಾಷಣಗಳನ್ನು ಎಷ್ಟು ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ಕೇಳುವಾಗ ಮನಸ್ಸಿಗೆ ಹಿತವಾಗುವುದೂ ಸುಳ್ಳಲ್ಲ. ಆದರೆ ಮನೆಗೆ ಬಂದು ಸಂಜೆಯ ಕುಕ್ಕರ್ ಇಡುವಾಗ ಒಂದು ಅನುಮಾನ ತಲೆ ಹಾಕುತ್ತದೆ. ಈ ದೀಪ, ಗಂಧ, ಕಬ್ಬು, ಮೇಣದ ಬತ್ತಿ, ಎಲ್ಲವೂ ಕೊನೆಗೆ ಇಲ್ಲವಾಗುವ ವಸ್ತುಗಳೇ ಅಲ್ಲವೇ? ಹೊಗಳುವವರಿಗೆ ಉಳಿಯುವಂಥ ಒಂದು ಹೋಲಿಕೆಯೂ ಏಕೆ ಹೊಳೆಯುವುದಿಲ್ಲ?

ಕೊಡುವುದು ದೊಡ್ಡ ಗುಣ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೊಡುವವರು ಬರಿದಾಗಲೇಬೇಕೇ? ಬರಿದಾದಷ್ಟೂ ಕೊಟ್ಟದ್ದಕ್ಕೆ ಬೆಲೆ ಹೆಚ್ಚುತ್ತದೆಯೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ಕೂತವಳಿಗೆ ದಾರಿ ತೋರಿಸಿದ್ದು ಪುರಾಣವೂ ಅಲ್ಲ, ಪ್ರವಚನವೂ ಅಲ್ಲ. ನಮ್ಮ ಮೈಯಲ್ಲಿ ಹಗಲಿರುಳು ಹರಿಯುತ್ತಿರುವ ರಕ್ತ.

ನಾನು ಓದಿದ್ದು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ವಿಜ್ಞಾನ ನನ್ನ ವಿಷಯಗಳು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ಹೆರಿಗೆ ರಜೆಯ ಮೇಲೆ ಹೋದಾಗ ಅವರ ತರಗತಿಗಳನ್ನು ನಾವು ಉಳಿದವರು ಹಂಚಿಕೊಂಡೆವು. ನನ್ನ ಪಾಲಿಗೆ ಬಂದದ್ದು ರಕ್ತದ ಪಾಠ. ಐವತ್ತು ದಾಟಿದ ಮೇಲೆ ಹೊಸದಾಗಿ ಪಾಠ ಓದುವುದರಲ್ಲಿ ಒಂದು ಸುಖವಿದೆ. ಪರೀಕ್ಷೆಯ ಭಯವಿಲ್ಲದ್ದರಿಂದ ಓದಿದ್ದು ತಲೆಗಷ್ಟೇ ಅಲ್ಲ, ಮನಸ್ಸಿಗೂ ಇಳಿಯುತ್ತದೆ.

ಬೆರಳು ಹೆಚ್ಚಿಕೊಂಡಾಗ ಒಂದೇ ಬಣ್ಣದ ಒಂದೇ ದ್ರವದಂತೆ ಕಾಣುವ ರಕ್ತ ನಿಜವಾಗಿ ಒಂದು ತುಂಬಿದ ಸಂಸಾರ. ದೊಡ್ಡವರ ಮೈಯಲ್ಲಿ ಅದು ನಾಲ್ಕೂವರೆ, ಐದು ಲೀಟರಿನಷ್ಟಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಪ್ಲಾಸ್ಮಾ ಎಂಬ ತಿಳಿ ಹಳದಿಯ ದ್ರವ. ಅದರ ನೂರು ಪಾಲಿನಲ್ಲಿ ತೊಂಬತ್ತಕ್ಕೂ ಮಿಕ್ಕಿ ನೀರೇ. ಆದರೆ ಆ ನೀರಿನಲ್ಲೇ ಅನ್ನದ ಸಾರವಾದ ಸಕ್ಕರೆ, ಲವಣ, ಪ್ರೋಟೀನು, ರಸದೂತಗಳು, ಹೊರಹಾಕಬೇಕಾದ ಕಸ ಎಲ್ಲವೂ ಸಾಗುತ್ತವೆ. ಉಳಿದ ಭಾಗ ಕಣಗಳದು. ಬಿಳಿ ರಕ್ತಕಣಗಳು ಕಾವಲಿನವು. ಒಂದು ಘನ ಮಿಲಿಮೀಟರಿನಲ್ಲಿ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದವರೆಗೆ ಇರುತ್ತವೆ. ಗಾಯದಲ್ಲಿ ಕಾಣುವ ಕೀವು ಎಂದರೆ ಬಹುಪಾಲು ರೋಗಾಣುಗಳೊಡನೆ ಹೋರಾಡಿ ಸತ್ತ ಬಿಳಿ ಕಣಗಳೇ. ಪ್ಲೇಟ್‌ಲೆಟ್ ಎಂಬ ಹೆಸರು ಡೆಂಗ್ಯೂ ಜ್ವರದ ದೆಸೆಯಿಂದ ಈಗ ಮನೆಮನೆಯ ಮಾತಾಗಿದೆ. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗಿನ ಈ ಚೂರುಗಳು ರಕ್ತನಾಳ ಹರಿದ ಕಡೆ ಓಡಿಹೋಗಿ ಒಂದಕ್ಕೊಂದು ಅಂಟಿಕೊಂಡು ತೇಪೆ ಹಾಕುತ್ತವೆ. ಅವು ಬದುಕುವುದು ಎಂಟು ಹತ್ತು ದಿನ.

ಎಲ್ಲಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿರುವವು ಕೆಂಪು ರಕ್ತಕಣಗಳು. ಅದೇ ಒಂದು ಘನ ಮಿಲಿಮೀಟರಿನಲ್ಲಿ ನಲವತ್ತು ಐವತ್ತು ಲಕ್ಷ! ಮೂಳೆಯೊಳಗಿನ ಮಜ್ಜೆಯಲ್ಲಿ ಇವು ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹುಟ್ಟುತ್ತವೆ. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಯ ಮೂಲೆಮೂಲೆಗೆ ಮುಟ್ಟಿಸುವುದು ಇವುಗಳ ಕೆಲಸ. ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ನಿಮಿಷ. ಸುಮಾರು 120 ದಿನಗಳ ಆಯುಸ್ಸಿನಲ್ಲಿ ಒಂದು ಕಣ ಒಂದೂ ಮುಕ್ಕಾಲು ಲಕ್ಷದಷ್ಟು ಸುತ್ತು ಹಾಕುತ್ತದೆಂದು ಲೆಕ್ಕ ಮಾಡಿದಾಗ ನನಗೆ ನಮ್ಮ ಅಡುಗೆಮನೆ, ಹಜಾರ, ಹಿತ್ತಿಲುಗಳ ನಡುವಿನ ಓಡಾಟ ನೆನಪಾಗದೆ ಇರಲಿಲ್ಲ.

ಈ ಕೆಂಪು ಕಣದ ವಿಷಯದಲ್ಲಿ ಪುಸ್ತಕ ಒಂದು ಸೋಜಿಗ ಹೇಳುತ್ತದೆ. ಬೇರೆ ಬಹುಪಾಲು ಜೀವಕೋಶಗಳಿಗೆ ಕೋಶಕೇಂದ್ರ ಎಂಬ ಯಜಮಾನಿಕೆಯ ಜಾಗ ಇರುತ್ತದೆ. ಕೆಂಪು ಕಣ ಮಜ್ಜೆಯಲ್ಲಿ ಬೆಳೆಯುವಾಗ ಅದನ್ನು ಹೊರಗೆ ತಳ್ಳಿಬಿಡುತ್ತದೆ. ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳನ್ನೂ ಕಳೆದುಕೊಳ್ಳುತ್ತದೆ. ತನ್ನೊಳಗಿನ ಜಾಗವನ್ನೆಲ್ಲ ಹಿಮೋಗ್ಲೋಬಿನ್‌ಗೆ ಬಿಟ್ಟುಕೊಡುತ್ತದೆ. ಒಂದೊಂದು ಕಣದಲ್ಲೂ ಹಿಮೋಗ್ಲೋಬಿನ್ನಿನ ಸುಮಾರು 27 ಕೋಟಿ ಅಣುಗಳು, ಒಂದೊಂದು ಅಣುವೂ ಹೊರುವುದು ನಾಲ್ಕು ಆಮ್ಲಜನಕದ ಅಣುಗಳನ್ನು. ಇಷ್ಟೆಲ್ಲ ಹೊತ್ತು ತಿರುಗುವ ಕಣ ತನಗಾಗಿ ಅದರಲ್ಲಿ ಒಂದನ್ನೂ ಬಳಸುವುದಿಲ್ಲ!

ಇದನ್ನು ಹೇಳಿದಾಗ ತರಗತಿ ನಿಶ್ಶಬ್ದವಾಯಿತು. ಕನ್ನಡ ಪಾಠ ಹೇಳುವವಳ ನಾಲಿಗೆಗೆ ತ್ಯಾಗ, ನಿಸ್ವಾರ್ಥ ಎಂಬ ಮಾತುಗಳು ತಾವಾಗಿಯೇ ಬರುವ ಹೊತ್ತು ಅದು. ಅಷ್ಟರಲ್ಲಿ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮತ್ತೆ ಅದು ಏನು ತಿನ್ನುತ್ತೆ ಮಿಸ್?" ಎಂದಳು.

"ನಾಳೆ ಹೇಳ್ತೀನಿ ಕೂತ್ಕೋ ಪುಟ್ಟಿ" ಎಂದೆ. ಸಂಜೆ ಬಾಣಂತಿಯಾಗಿದ್ದ ನಮ್ಮ ವಿಜ್ಞಾನ ಶಿಕ್ಷಕಿಗೆ ಫೋನು ಮಾಡಿದೆ. ಮಗು ಅಳುವ ಸದ್ದಿನ ನಡುವೆಯೇ ಅವರು ನಕ್ಕರು. "ತಿನ್ನದೆ ಇರುತ್ತಾ ಮೇಡಂ? ಪ್ಲಾಸ್ಮಾದಲ್ಲಿರೋ ಗ್ಲೂಕೋಸ್ ತಿನ್ನುತ್ತೆ. ಆಮ್ಲಜನಕ ಇಲ್ಲದೇನೇ ಅದನ್ನ ಒಡೆದು ಶಕ್ತಿ ಮಾಡ್ಕೊಳ್ಳುತ್ತೆ. ಗ್ಲೂಕೋಸ್ ಸಿಗದಿದ್ರೆ ಕಣ ಉಳಿಯೋದೇ ಇಲ್ಲ."

ಆ ಹುಡುಗಿಯ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಹೊತ್ತು ತಿರುಗುವವರ ಕಥೆಯನ್ನು ನಾವು ಎಷ್ಟೊಂದು ಹೇಳುತ್ತೇವೆ, ಅವರು ಏನು ತಿನ್ನುತ್ತಾರೆ ಎಂದು ಕೇಳುವುದು ಮಾತ್ರ ನಮಗೆ ಹೊಳೆಯುವುದಿಲ್ಲ. ಮೈಯೊಳಗಿನ ಅತ್ಯಂತ ನಿಸ್ವಾರ್ಥಿ ಎಂದು ಹೆಸರಿಡಬಹುದಾದ ಕಣವೂ ತನ್ನ ಊಟವನ್ನು ದಾರಿಯಲ್ಲೇ ಮಾಡಿಕೊಂಡು ಹೋಗುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಸಿಕ್ಕಿತು. ಹೃದಯ ಇಡೀ ಮೈಗೆ ರಕ್ತ ಬಡಿಸುವ ಅಂಗ. ಶುದ್ಧ ರಕ್ತವನ್ನು ಹೊತ್ತ ಮಹಾಪಧಮನಿ ಹೃದಯದಿಂದ ಹೊರಡುತ್ತದಲ್ಲ, ಅದರ ಬುಡದಲ್ಲೇ ಒಡೆಯುವ ಮೊಟ್ಟಮೊದಲ ಕವಲುಗಳು ಎಲ್ಲಿಗೆ ಹೋಗುತ್ತವೆ ಗೊತ್ತೇ? ಮಿದುಳಿಗಲ್ಲ, ಹೊಟ್ಟೆಗಲ್ಲ, ಹೃದಯದ ಸ್ನಾಯುವಿಗೇ! ನಾವು ಸಲೀಸಾಗಿ ಕರೋನರಿ ಎನ್ನುವ ರಕ್ತನಾಳಗಳು ಇವೇ. ನೂರರಲ್ಲಿ ಐದರಷ್ಟು ಪಾಲು ಅಲ್ಲಿಗೆ ಸಲ್ಲುತ್ತದೆ. ಬಡಿಸುವ ಕೈ ಮೊದಲ ತುತ್ತನ್ನು ತಾನು ತೆಗೆದುಕೊಂಡು ಆಮೇಲೆ ಊರಿಗೆಲ್ಲ ಬಡಿಸುತ್ತದೆ. ಇದನ್ನು ಸ್ವಾರ್ಥ ಎಂದು ಯಾರೂ ಅನ್ನುವುದಿಲ್ಲ. ಆ ಕವಲು ಕಟ್ಟಿಕೊಂಡರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು.

ಆದರೂ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಮೈಯಿಂದ ನೀತಿ ಕಲಿಯಹೊರಡುವುದು ಅಷ್ಟು ಕ್ಷೇಮವಲ್ಲ. ಕೆಂಪು ಕಣ ತ್ಯಾಗಿಯೂ ಅಲ್ಲ, ಹೃದಯ ಜಾಣೆಯೂ ಅಲ್ಲ. ಅವಕ್ಕೆ ಧರ್ಮ, ಅಧರ್ಮಗಳ ಗೊಡವೆಯಿಲ್ಲ. ತ್ಯಾಗದ ಉಪದೇಶ ಮಾಡುವವರು ಕೆಂಪು ಕಣವನ್ನು ತೋರಿಸಬಹುದು, ನನ್ನಂಥವಳು ಹೃದಯವನ್ನು ತೋರಿಸಬಹುದು. ಹೀಗೆ ತೋರಿಸುತ್ತಾ ಕೂತರೆ ವಾದ ಮುಗಿಯುವುದಿಲ್ಲ. ಹೇಗೆ ಕೊಡಬೇಕು ಎಂಬುದನ್ನು ನಾವು ಮನುಷ್ಯರೇ ಕೂತು ಯೋಚಿಸಿ ತೀರ್ಮಾನಿಸಬೇಕು. ಅಂಥ ತೀರ್ಮಾನವೊಂದು ಈಗಾಗಲೇ ಆಗಿರುವ ಜಾಗ ರಕ್ತದಾನದ ಶಿಬಿರ.

ಜೂನ್ 14 ವಿಶ್ವ ರಕ್ತದಾನಿಗಳ ದಿನ. ರಕ್ತದಲ್ಲಿ ಗುಂಪುಗಳಿವೆ ಎಂದು ಕಂಡುಹಿಡಿದು 1930ರಲ್ಲಿ ನೊಬೆಲ್ ಬಹುಮಾನ ಪಡೆದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು. ಒಂದು ವರ್ಷ ಆ ದಿನ ನಮ್ಮ ಊರಿನ ಕಾಲೇಜಿನಲ್ಲಿ ಶಿಬಿರವಿತ್ತು. ನಾವು ಏಳೆಂಟು ಮಂದಿ ಶಿಕ್ಷಕಿಯರು ಸೀರೆಯ ಸೆರಗು ಬಿಗಿದು ಉತ್ಸಾಹದಿಂದಲೇ ಹೋದೆವು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುತ್ತಿದ್ದರು. ಹನಿ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದು ಅರ್ಥ. ತೇಲಿದರೆ ಸಾಲದು. ದಾನ ಕೊಡುವವರಿಗೆ ಹನ್ನೆರಡೂವರೆ ಗ್ರಾಂ ಇರಲೇಬೇಕು. ನಮ್ಮ ಗುಂಪಿನಲ್ಲಿ ಮುಳುಗಿದ ಹನಿಗಳು ಎರಡು. ನನ್ನದೂ ಸೇರಿ ಉಳಿದವು ಆ ನೀಲಿ ನೀರಿನ ಮೇಲೆ ಕುಂಕುಮದ ಬೊಟ್ಟಿನಂತೆ ನಿಂತುಬಿಟ್ಟವು. ಹನಿ ಮುಳುಗಿದವರಲ್ಲಿ ಒಬ್ಬರು ಸೋಮವಾರದ ಉಪವಾಸದಲ್ಲಿದ್ದರು. ಉಪವಾಸವಿದ್ದವರಿಂದ ರಕ್ತ ತೆಗೆಯುವುದಿಲ್ಲವೆಂದು ಅವರನ್ನೂ ವಾಪಸು ಕಳಿಸಿದರು.

"ಪುಣ್ಯದ ಕೆಲಸ, ಉಪವಾಸದ ದಿನ ಮಾಡಿದರೆ ಇನ್ನೂ ಒಳ್ಳೆಯದಲ್ಲವೇನ್ರೀ?" ಎಂದು ಅವರು ವಾದಕ್ಕೆ ನಿಂತರು. ನರ್ಸಮ್ಮ ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. "ಮೊದಲು ನೀವು ಊಟ ಮಾಡಿ ಅಮ್ಮಾ, ಆಮೇಲೆ ಬನ್ನಿ. ರಕ್ತ ಎಲ್ಲೂ ಹೋಗಲ್ಲ" ಎಂದರು.

ಮೊದಲು ನೀವು ಊಟ ಮಾಡಿ! ಐವತ್ತು ವರ್ಷದ ಹೆಂಗಸಿಗೆ ಈ ಮಾತನ್ನು ಒಬ್ಬರು ಹೇಳಬೇಕಾದರೆ ಅವಳು ರಕ್ತದಾನ ಶಿಬಿರಕ್ಕೇ ಬರಬೇಕಾಯಿತೇ ಎಂದು ನಾವು ದಾರಿಯುದ್ದಕ್ಕೂ ನಗುತ್ತಾ ಬಂದೆವು. ಆದರೆ ಶಿಬಿರದ ನಿಯಮಗಳನ್ನು ಒಂದೊಂದಾಗಿ ನೋಡಿದರೆ ನಗುವ ವಿಷಯವಲ್ಲ. ತೂಕ ಕನಿಷ್ಠ 45 ಕಿಲೋ ಇರಬೇಕು. ಗರ್ಭಿಣಿಯಾಗಿರಬಾರದು, ಎದೆಹಾಲು ಕುಡಿಸುತ್ತಿರಬಾರದು, ಹೆರಿಗೆಯಾಗಿ ವರ್ಷ ಕಳೆದಿರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು, ಹೆಂಗಸರಾದರೆ ನಾಲ್ಕು ತಿಂಗಳು ಬಿಡಬೇಕು. ಇವೆಲ್ಲ ಪಡೆಯುವವರಿಗಿಂತ ಮೊದಲು ಕೊಡುವವರ ಕಡೆಗೆ ತಿರುಗಿ ನೋಡುವ ನಿಯಮಗಳು. ನಿನ್ನಲ್ಲಿ ಇದೆಯೇ, ಕೊಟ್ಟ ಮೇಲೂ ಉಳಿಯುತ್ತದೆಯೇ, ಮತ್ತೆ ತುಂಬಿಕೊಳ್ಳಲು ಸಮಯ ಸಿಕ್ಕಿದೆಯೇ ಎಂದು ಅವು ಕೇಳುತ್ತವೆ. ನಮ್ಮ ಅಡುಗೆಮನೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಯಾರು ಯಾರಿಗೆ ಕೇಳಿದ್ದಾರೆ?

ಈ ನಿಯಮಗಳು ಬರೀ ಕನಿಕರದಿಂದ ಬಂದವಲ್ಲ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಹಣಕ್ಕಾಗಿ ರಕ್ತ ಮಾರುವವರಿದ್ದರು. ಹೊಟ್ಟೆಪಾಡಿಗಾಗಿ ಮತ್ತೆ ಮತ್ತೆ ಕೊಟ್ಟು ಸೊರಗಿದ ಆ ಬಡವರ ರಕ್ತದಲ್ಲಿ ಸತ್ವವೂ ಇರುತ್ತಿರಲಿಲ್ಲ, ರೋಗ ಅಂಟುವ ಭಯವೂ ಹೆಚ್ಚಿತ್ತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 1998ರ ಜನವರಿ 1ರಿಂದ ಹೀಗೆ ರಕ್ತ ಮಾರುವುದಕ್ಕೆ ನಿಷೇಧ ಬಂತು. ಕೊಡುವವನು ಬರಿದಾಗಿದ್ದರೆ ಪಡೆದವನಿಗೂ ಒಳಿತಾಗುವುದಿಲ್ಲ ಎಂಬುದನ್ನು ದೇಶ ಬಹಳ ಕಷ್ಟಪಟ್ಟು ಕಲಿತ ಪಾಠವಿದು.

ಮನೆಯ ಮಾತಿಗೆ ಬಂದರೂ ಇದೇ ಕಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಸುಮಾರು 48. ಅದೇ ವಯಸ್ಸಿನ ಗಂಡಸರಲ್ಲಿ ದೇಶದ ಲೆಕ್ಕ ನೂರಕ್ಕೆ 25. ಒಂದೇ ಸೂರಿನಡಿ, ಒಂದೇ ಪಾತ್ರೆಯ ಅನ್ನ ಉಂಡವರಲ್ಲಿ ಇಷ್ಟೊಂದು ಅಂತರ! ತಿಂಗಳ ಮುಟ್ಟು, ಬಸಿರು, ಬಾಣಂತನಗಳಲ್ಲಿ ಹೆಣ್ಣು ರಕ್ತ ಕಳೆದುಕೊಳ್ಳುತ್ತಾಳೆ, ನಿಜ. ಒಂದು ಮಿಲಿಲೀಟರ್ ರಕ್ತ ಹೋದರೆ ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತೆಂದು ಲೆಕ್ಕ. ಹಾಗಿದ್ದರೆ ಹೆಚ್ಚು ಕಳೆದುಕೊಳ್ಳುವವಳ ತಟ್ಟೆಗೆ ಹೆಚ್ಚು ಬೀಳಬೇಕಾಗಿತ್ತಲ್ಲವೇ? ಎಷ್ಟೋ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಸೊಪ್ಪಿನ ಪಲ್ಯ ಗಂಡನಿಗೆ, ಮಕ್ಕಳಿಗೆ ಬಡಿಸಿ ಬಾಂಡಲೆಯ ಅಂಚಿಗೆ ಅಂಟಿದ್ದು ಅವಳಿಗೆ. ಸಾರಿನ ಬೇಳೆ ಎಲ್ಲರಿಗೂ ಹೋಗಿ ತಿಳಿ ಅವಳಿಗೆ. ಊಟವಾದ ಕೂಡಲೇ ಒಂದು ಲೋಟ ಟೀ ಬೇರೆ. ತಿಂದ ಅನ್ನದ ಕಬ್ಬಿಣ ಮೈಗೆ ಹತ್ತದಂತೆ ಆ ಟೀ ಅಡ್ಡ ಬರುತ್ತದೆ ಎಂಬುದು ಇನ್ನೂ ಎಷ್ಟೋ ಮಂದಿಗೆ ತಿಳಿಯದು.

ಇದರ ಫಲ ಮಕ್ಕಳಿಗೇ ತಟ್ಟುತ್ತದೆ. ಬಸುರಿಯ ರಕ್ತ ತೀರಾ ಕಡಿಮೆಯಾದರೆ ಮಗು ದಿನ ತುಂಬುವ ಮೊದಲೇ ಹುಟ್ಟುವ, ಕಡಿಮೆ ತೂಕದ್ದಾಗುವ ಅಪಾಯ ಹೆಚ್ಚು. ಮಗುವಿಗಾಗಿಯೇ ಬದುಕುತ್ತೇನೆ ಎನ್ನುವ ತಾಯಿ ತಾನು ತಿನ್ನದೆ ಬಿಟ್ಟದ್ದು ಆ ಮಗುವಿನ ಪಾಲೂ ಹೌದು.

ವಾರಕ್ಕೊಮ್ಮೆ ಶಾಲೆಯಲ್ಲಿ ಮಕ್ಕಳಿಗೆ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುವ ಕೆಲಸವೂ ನನ್ನದೇ. ನೀರು ಕುಡಿಸಿ, ಬಾಯಿ ತೆರೆಸಿ ನೋಡಬೇಕು, ಇಲ್ಲವಾದರೆ ಮಾತ್ರೆ ನಾಲಿಗೆಯ ಅಡಿಯಿಂದ ಕಿಟಕಿಯಾಚೆಗೆ ಹಾರುತ್ತದೆ. ಖಾಲಿ ಹೊಟ್ಟೆಯಲ್ಲಿ ಕೊಡಬಾರದೆಂದು "ಬೆಳಿಗ್ಗೆ ಏನು ತಿಂದೆ?" ಎಂದು ಕೇಳುವುದು ರೂಢಿ. ಹುಡುಗರು ತಿಂದದ್ದರ ಪಟ್ಟಿ ಹೇಳುತ್ತಾರೆ. ಹುಡುಗಿಯರಲ್ಲಿ ಕೆಲವರು "ತಮ್ಮನ್ನ ರೆಡಿ ಮಾಡೋದ್ರಲ್ಲಿ ಹೊತ್ತಾಯ್ತು ಮಿಸ್" ಎನ್ನುತ್ತಾರೆ. ಹದಿಮೂರು ವರ್ಷಕ್ಕೇ ಗಂಧದ ಕೊರಡಿನ ಅಭ್ಯಾಸ! ಇದನ್ನು ಯಾರೂ ಅವರಿಗೆ ಉಪದೇಶಿಸಿಲ್ಲ. ದಿನವೂ ಅಮ್ಮನನ್ನು ನೋಡಿ ಕಲಿತಿದ್ದಾರೆ. ನಾವು ತಟ್ಟೆಯ ಮುಂದೆ ಕೂರುವ ರೀತಿಯೇ ನಮ್ಮ ಹೆಣ್ಣುಮಕ್ಕಳಿಗೆ ನಾವು ಹೇಳುವ ಪಾಠ.

"ಹಾಗಾದರೆ ತ್ಯಾಗವೇ ಬೇಡವೆನ್ನುತ್ತೀರಾ?" ಎಂದು ನೀವು ಕೇಳಬಹುದು. ನನ್ನ ಅಜ್ಜಿಯ ಕಥೆ ಹೇಳುತ್ತೇನೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಜ್ಜಿ ಮಕ್ಕಳಿಗೆ ಮುದ್ದೆ ಕೊಟ್ಟು ತಾನು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗುತ್ತಿದ್ದಳಂತೆ. ಇರುವುದೇ ಎರಡು ಮುದ್ದೆ, ಬಾಯಿ ನಾಲ್ಕು ಎಂದಾಗ ಯಾರಾದರೂ ಒಬ್ಬರು ಬಿಟ್ಟುಕೊಡಲೇಬೇಕು. ತಿಳಿದೂ ತಿಳಿದೂ ಬಿಟ್ಟುಕೊಟ್ಟ ಅಜ್ಜಿಯ ಮುಂದೆ ನಾನು ಇವತ್ತೂ ತಲೆ ಬಾಗುತ್ತೇನೆ. ಅಜ್ಜಿಯ ಆ ನಡತೆ ನಮ್ಮ ಮನೆಗೆ ಕಷ್ಟಕಾಲದಲ್ಲಿ ಬಂತು. ಆದರೆ ಕಷ್ಟ ಹೋದ ಮೇಲೂ ಅದು ಮನೆ ಬಿಡಲಿಲ್ಲ. ಡಬ್ಬಿಯ ತುಂಬ ಬೇಳೆ, ಫ್ರಿಜ್ಜಿನ ತುಂಬ ತರಕಾರಿ ಇರುವಾಗಲೂ ಅಮ್ಮ ಕೊನೆಯಲ್ಲೇ ಕೂತು ಉಳಿದದ್ದನ್ನೇ ಉಂಡಳು. ಅಜ್ಜಿಗೆ ಅದು ಆಯ್ಕೆಯಾಗಿತ್ತು, ಅಮ್ಮನಿಗೆ ರೂಢಿಯಾಗಿತ್ತು. ರೂಢಿಯನ್ನು ತ್ಯಾಗವೆಂದು ಹೊಗಳಿದರೆ ನಿಜವಾದ ತ್ಯಾಗಕ್ಕೆ ಮಾಡುವ ಅವಮಾನ ಎಂದೇ ನನ್ನ ಅನಿಸಿಕೆ. ಬಿಟ್ಟುಕೊಡಲು ಮೊದಲು ಅದು ತನ್ನದಾಗಿರಬೇಕಲ್ಲವೇ? ತನ್ನ ಪಾಲು ಇದು ಎಂದು ಎಂದೂ ಎಣಿಸದವಳು ಬಿಟ್ಟುಕೊಟ್ಟದ್ದಾದರೂ ಏನನ್ನು?

ಮನೆಯವರು ಕ್ರೂರಿಗಳು ಎಂದೂ ನಾನು ಹೇಳುತ್ತಿಲ್ಲ. "ನೀನೂ ಕೂತ್ಕೋ ಬಾರೇ" ಎಂದು ಕರೆಯುವ ಗಂಡಸರು ಬೇಕಾದಷ್ಟಿದ್ದಾರೆ. "ನೀವು ಶುರು ಮಾಡಿ, ಬಿಸಿ ಚಪಾತಿ ತರ್ತೀನಿ" ಎಂದು ಒಳಗೆ ಹೋಗುವವರು ನಾವೇ. ಕೊನೆಗೆ ಉಣ್ಣುವುದರಲ್ಲಿ ನಮಗೂ ಒಂದು ಗುಟ್ಟಿನ ಹೆಮ್ಮೆ ಇದೆ. ಆ ಹೆಮ್ಮೆಗೆ ನಾವು ತೆರುವ ಬೆಲೆ ಆ ನೀಲಿ ದ್ರಾವಣದಲ್ಲಿ ಕಂಡಿತು.

ಶಿಬಿರದಿಂದ ಬಂದ ಮೇಲೆ ನಾವು ಶಿಕ್ಷಕಿಯರು ನಮ್ಮೊಳಗೇ ಒಂದು ಕರಾರು ಮಾಡಿಕೊಂಡೆವು. ವೈದ್ಯರನ್ನು ಕಂಡು ಅವರು ಬರೆದುಕೊಟ್ಟ ಮಾತ್ರೆ ನುಂಗುವುದು. ನುಗ್ಗೆ ಸೊಪ್ಪು, ಹುರುಳಿ, ರಾಗಿ, ಮೇಲೊಂದು ನೆಲ್ಲಿಕಾಯಿಯೋ ನಿಂಬೆರಸವೋ ತಟ್ಟೆಗೆ ತಪ್ಪಿಸದಿರುವುದು. ಊಟದ ಹಿಂದೆಯೇ ಟೀ ಕುಡಿಯದಿರುವುದು. ಎಲ್ಲಕ್ಕಿಂತ ಕಷ್ಟದ್ದು, ಮನೆಯವರ ಜೊತೆಯಲ್ಲೇ ಕೂತು ಉಣ್ಣುವುದು. ಮಾತ್ರೆ ನುಂಗಿದಷ್ಟು ಸುಲಭವಾಗಿರಲಿಲ್ಲ ಇದು. ಮೊದಲ ವಾರ ನಾಲ್ಕು ಸಲ ಎದ್ದುಹೋಗಿ ಒಲೆ ನೋಡಿ ಬಂದೆ. "ಪಾತ್ರೆ ಎಲ್ಲ ಇಲ್ಲಿಗೇ ತಂದಿಡೋಣ ಬಿಡು, ಯಾರಿಗೆ ಬೇಕೋ ಅವರು ಬಡಿಸ್ಕೊಳ್ಳಲಿ" ಎಂದವರು ನನ್ನ ಅತ್ತೆ. ಎಂಬತ್ತು ದಾಟಿದ ಅವರು ಅವತ್ತು ಬಿಸಿಯಾದ ಅನ್ನವನ್ನು ಎಲ್ಲರ ಜೊತೆ ಕೂತು ಉಂಡರು. ಬಿಸಿ ಇದ್ದರೆ ಸಾರಿನ ರುಚಿಯೇ ಬೇರೆ ಕಣೇ ಎಂದು ಅವರು ಹೇಳಿದ್ದು ಕೇಳಿ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮುಂದಿನ ವರ್ಷ ಜೂನ್ 14ಕ್ಕೆ ಮತ್ತೆ ಹೋದೆವು. ನನ್ನ ಹನಿ ಮುಳುಗಿತು. ನಮ್ಮಲ್ಲಿ ಐವರದು ಮುಳುಗಿತು. ತೆಗೆದದ್ದು 350 ಮಿಲಿಲೀಟರ್. ಆ ಒಂದು ಚೀಲವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಬೇರೆ ಬೇರೆ ಮಾಡುತ್ತಾರಂತೆ. ಕೆಂಪು ಕಣಗಳನ್ನು ತಂಪಿನಲ್ಲಿ ಐದಾರು ವಾರ ಇಡಬಹುದು, ಪ್ಲೇಟ್‌ಲೆಟ್ಟುಗಳನ್ನು ಐದೇ ದಿನ, ಹೆಪ್ಪುಗಟ್ಟಿಸಿದ ಪ್ಲಾಸ್ಮಾವನ್ನು ಒಂದು ವರ್ಷ. ಹೀಗೆ ಒಬ್ಬಳು ಕೊಟ್ಟದ್ದು ಮೂವರಿಗೆ ಒದಗಬಹುದು. ಅದು ಯಾವ ಊರಿನ, ಯಾವ ಜಾತಿಯ, ಎಂಥ ಮನುಷ್ಯರಿಗೆ ಹೋಯಿತೋ ನನಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ತೆಗೆದ ನೀರಿನಂಶ ಒಂದೆರಡು ದಿನಕ್ಕೆ ತುಂಬಿಕೊಳ್ಳುತ್ತದೆ, ಕಣಗಳು ತುಂಬಲು ಕೆಲವು ವಾರ ಬೇಕು. ಅಷ್ಟು ದಿನ ಮಜ್ಜೆ ಸದ್ದಿಲ್ಲದೆ ದುಡಿಯುತ್ತದೆ. ನಾನು ಅದಕ್ಕೆ ಬೇಕಾದದ್ದನ್ನು ತಿನ್ನುತ್ತಿದ್ದರೆ ಸಾಕು.

ಮಂಚದಿಂದ ಇಳಿದು ಚಪ್ಪಲಿ ಮೆಟ್ಟುತ್ತಿದ್ದ ಹಾಗೆ ಶಾಲೆಗೆ ಹೊತ್ತಾಯಿತೆಂದು ಬಾಗಿಲ ಕಡೆ ನೋಡಿದೆ. ಹಣ್ಣಿನ ರಸ, ಬಿಸ್ಕತ್ತು ಇಟ್ಟುಕೊಂಡು ಕೂತಿದ್ದ ಕಾಲೇಜು ಹುಡುಗ ಎದ್ದು ಅಡ್ಡ ಬಂದ. "ಇದನ್ನ ತಿಂದೇ ಹೋಗಬೇಕು ಮೇಡಂ, ಹಾಗೇ ಕಳಿಸೋ ಹಾಗಿಲ್ಲ" ಎಂದ. ನಾನು ಕೂತು, ನಿಧಾನವಾಗಿ, ಎರಡೂ ಬಿಸ್ಕತ್ತು ತಿಂದೆ.